ಗೀರು ಬಿದ್ದ ಮನೆಗೆ ಗಾಜಕ್ಕ

ಸೂರ್ಯ ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಗಾಜಕ್ಕ ಪರರ ಮನೆಯ ನಡುಕೋಣೆಯಲ್ಲಿ, ಆಳೆತ್ತರದ ಕಿಟಕಿಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಅವನು ಮೇಲೇರುವುದನ್ನೇ ಕಾಯುತ್ತಿದ್ದಾರೆ. ಬೆನ್ನ ಹಿಂದೆ ಮನೆಯ ಯಜಮಾನರು ಕೈಕಟ್ಟಿಕೊಂಡು ನಿಂತಿದ್ದಾರೆ. ಅವರು ಕೂತ್ಕೊಳ್ಳಿ ಅಂದಿಲ್ಲ, ಇವರೂ ಕೂರುವ ಮನಸ್ಸು ಮಾಡಿಲ್ಲ. ದೂರು ಕೊಟ್ಟವರ ಮನೆಯ ಕುರ್ಚಿಯಲ್ಲಿ ಕೂತರೆ ಏಳುವುದು ಕಷ್ಟ ಎನ್ನುವುದು ಗಾಜಕ್ಕನ ಅನುಭವ.

ಗಾಜಿನ ಮೇಲಿನ ಗೀರು ಪಳಗಿದ ಕಳ್ಳನ ಹಾಗೆ. ನಡುಹಗಲಲ್ಲಿ ಎದುರಿಗೇ ನಿಂತಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಒದ್ದೆಯಾಗಿದ್ದರಂತೂ ಮಾಯ. ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಿಗೆ ಮಾತ್ರ ಸಿಕ್ಕಿಬೀಳುತ್ತದೆ. ಅದಕ್ಕೇ ಗೀರಿನ ದೂರು ಬಂದರೆ ಗಾಜಕ್ಕ ಹೊತ್ತು ಹುಟ್ಟುವ ಮೊದಲೇ ಮನೆ ಬಿಡುತ್ತಾರೆ.

ಟ್ಯಾಂಕಿನ ಅಂಚಿನಿಂದ ಮೊದಲ ಬಿಸಿಲು ಜಾರುತ್ತದೆ. ಗಾಜಿನ ಕೆಳಗಡೆ, ಎಡಮೂಲೆಯಲ್ಲಿ, ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದು ಮಿನುಗತೊಡಗುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಓರೆಗೆ. ಗಾಜಕ್ಕ ಹೊರಗೆ ಹೋಗಿ ಗೆರೆಗಳ ಮೇಲೆ ಉಗುರು ಹಾಯಿಸುತ್ತಾರೆ. ಉಗುರು ತಡೆಯುತ್ತದೆ. ಒಳಗೆ ಬಂದು ಮತ್ತೆ ಬಿಸಿಲಿಗೆ ನೋಡುತ್ತಾರೆ. ನಾಯಿಯ ಉಗುರಿನ ಗೀರು ಹೀಗಿರುವುದಿಲ್ಲ, ಏಣಿ ಒರಸಿದ ಗೀರೂ ಹೀಗಿರುವುದಿಲ್ಲ. ಇದು ಸಿಮೆಂಟು ಕೆರೆಯುವ ಬ್ಲೇಡು ನಡೆದ ದಾರಿ. ಈ ಕಿಟಕಿಗೆ ಹೋದ ವಾರ ಬ್ಲೇಡು ಹಾಕಿದವರು ಅವರ ಸ್ವಂತ ಅಣ್ಣ.

ಅದೇ ಅಣ್ಣ ಈ ಹೊತ್ತಿಗೆ ಹೊಸ ಆಸ್ಪತ್ರೆಯ ಮುಂದೆ ಬಕೆಟ್ಟು, ಏಣಿ ಇಳಿಸಿಕೊಳ್ಳುತ್ತಿದ್ದಾರೆ. ಕಟ್ಟಡದ ಮುಖಕ್ಕೆಲ್ಲ ಗಾಜು. ಒಂದೊಂದರ ಮೇಲೂ ಸಿಮೆಂಟಿನ ಚುಕ್ಕೆ, ಬಣ್ಣದ ಹನಿ. ಇವತ್ತು ಅದಕ್ಕೆಲ್ಲ ಮೊದಲ ಬ್ಲೇಡು ಬೀಳಬೇಕು.

ಕಿಟಕಿ ತೊಳೆಯುವವರ ನಡುವೆ ಗಾಜಕ್ಕನ ಹೆಸರು ಗೊತ್ತಿಲ್ಲದವರಿಲ್ಲ. ಕಿಟಕಿಯ ಒಳಗಡೆ ವಾಸ ಮಾಡುವವರಿಗೆ ಗೊತ್ತಿಲ್ಲ, ಅಷ್ಟೆ. ಚೆನ್ನಾಗಿ ತೊಳೆದ ಗಾಜನ್ನು ಯಾರೂ ನೋಡುವುದಿಲ್ಲ, ಅದರಾಚೆಗಿನ ಮರವನ್ನು ನೋಡುತ್ತಾರೆ. ಗಾಜು ನೆನಪಾಗುವುದು ಗೀರು ಬಿದ್ದಾಗ, ಗಾಜಕ್ಕ ನೆನಪಾಗುವುದೂ ಆಗಲೇ. ಐವತ್ತು ದಾಟಿದ ಹೆಂಗಸು, ಕುಳ್ಳು, ಬಿರುಸು ನಡಿಗೆ. ಸೋಪಿನ ನೀರಿನಲ್ಲಿ ನೆಂದು ನೆಂದು ಬೆರಳಿನ ತುದಿಗಳು ಸುಕ್ಕುಗಟ್ಟಿವೆ. ಈ ಕೆಲಸಕ್ಕೆ ಅವರನ್ನು ಕರೆತಂದವರು ಅಣ್ಣ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಣ್ಣನ ಬಾಗಿಲಿಗೆ ಬಂದಾಗ, ಅಣ್ಣ ಅಳಬೇಡ ಅನ್ನಲಿಲ್ಲವಂತೆ, ಕೈಗೊಂದು ವೈಪರು ಕೊಟ್ಟರಂತೆ. ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರಂತೆ. ಅಷ್ಟರಲ್ಲೇ ಎಲ್ಲ ಇತ್ಯರ್ಥವಾಯಿತು.

ದೂರಿನ ವಿಭಾಗ ಅವರ ಪಾಲಿಗೆ ಬಂದದ್ದಕ್ಕೂ ಅಣ್ಣನೇ ಕಾರಣ. ಅಣ್ಣನ ಕೈ ಎಷ್ಟು ಮೆತ್ತಗೋ ನಾಲಿಗೆ ಅಷ್ಟೇ ಒರಟು. ಹಿಂದೊಮ್ಮೆ ಗೀರು ಬಿದ್ದಿದೆ ಎಂದು ರೇಗಾಡುತ್ತಿದ್ದ ಗಿರಾಕಿಗೆ, ಗೀರು ಕಿಟಕಿಯಲ್ಲಿಲ್ಲ, ನಿಮ್ಮ ಕನ್ನಡಕದಲ್ಲಿದೆ ಎಂದುಬಿಟ್ಟರು. ಮಾತು ನಿಜವೇ ಆಗಿತ್ತು. ಗಿರಾಕಿ ಮಾತ್ರ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವತ್ತಿನಿಂದ ಅಣ್ಣ ಗಾಜಿನ ಜೊತೆ ಮಾತಾಡುತ್ತಾರೆ, ತಂಗಿ ಗಾಜಿನ ಮಾಲೀಕರ ಜೊತೆ.

"ಬೈಯೋರು ಬೈಲಿ ಅಂತ ಮೊದಲು ಬಿಟ್ಬಿಡ್ತೀನಿ. ನಾವಲ್ಲ ಅಂತ ಮಾತ್ರ ನೋಡೋಕೆ ಮುಂಚೆ ಹೇಳಲ್ಲ" ಎನ್ನುತ್ತಾರೆ ಗಾಜಕ್ಕ. "ನೋಡಿದ್ಮೇಲೆ ಅವರದ್ದಾದ್ರೆ ಅವರದ್ದು, ನಮ್ಮದಾದ್ರೆ ನಮ್ಮದು. ಎರಡನ್ನೂ ಒಂದೇ ದನೀಲಿ ಹೇಳ್ಬೇಕು. ಅದು ಬರೋಕೆ ಬಹಳ ದಿನ ಬೇಕಾಯ್ತು."

ದೂರುಗಳಲ್ಲೂ ಎಷ್ಟು ಬಗೆ! ಜೇಡರ ಎಳೆಯನ್ನು ಗೀರು ಎಂದು ಕರೆಸಿದವರಿದ್ದಾರೆ. ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ತಾವೇ ಗಾಜು ತಿಕ್ಕಿ, ಸೊಸೆಯ ಮುಂದೆ ಒಪ್ಪಿಕೊಳ್ಳಲಾರದೆ ಗಾಜಕ್ಕನ ಮೇಲೆ ಹಾಕಿದ ಅತ್ತೆಯೊಬ್ಬರಿದ್ದಾರೆ. ಗಾಜಕ್ಕ ಆ ಅತ್ತೆಯನ್ನು ಸೊಸೆಯ ಎದುರು ಬಿಟ್ಟುಕೊಡಲಿಲ್ಲ. ಹಳೆಯ ಗೀರು, ಯಾರದೆಂದು ಹೇಳಲಾಗದು ಎಂದು ಮಾತು ತೇಲಿಸಿ ಬಂದರು. ಅತ್ತೆ ಈಗಲೂ ವರ್ಷಕ್ಕೊಮ್ಮೆ ತಪ್ಪದೆ ಇವರನ್ನೇ ಕರೆಸುತ್ತಾರೆ.

ಆದರೆ ಹೊಸ ಗಾಜಿನ ಗೀರಿನ ಕಥೆ ಬೇರೆ. ಒಡೆದರೂ ಚೂಪಾಗಿ ಸೀಳದಿರಲಿ ಎಂದು ಈಗಿನ ಗಾಜನ್ನು ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಭಟ್ಟಿ ಚೊಕ್ಕಟವಿಲ್ಲದಿದ್ದರೆ ಗಾಜಿನ ಪುಡಿ ಮೈಗೆ ಅಂಟಿ ಅಲ್ಲೇ ಬೆಸೆದುಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬ್ಲೇಡು ಹಾಯಿಸಿದರೆ ಆ ಕಣ ಕಿತ್ತುಬಂದು ಬ್ಲೇಡಿನಡಿ ಸಿಕ್ಕಿ, ಹೋದಲ್ಲೆಲ್ಲ ಗೀರುತ್ತದೆ. ಇಂಥ ಗಾಜನ್ನು ಹಿಡಿಯುವುದರಲ್ಲಿ ಅಣ್ಣ ಎತ್ತಿದ ಕೈ. ಮೂಲೆಯಲ್ಲಿ ನೀರು ಹಚ್ಚಿ ಬೆರಳುದ್ದದಷ್ಟು ಮಾತ್ರ ಬ್ಲೇಡು ತಳ್ಳಿ ಕಿವಿ ಕೊಡುತ್ತಾರೆ. ಒಳ್ಳೆಯ ಗಾಜು ಸುಮ್ಮನಿರುತ್ತದೆ. ಪುಡಿ ಇದ್ದರೆ ಸಣ್ಣಗೆ ಕರಕರ ಎನ್ನುತ್ತದೆ. ಕರಕರ ಅಂದರೆ ಮುಗಿಯಿತು, ಬ್ಲೇಡು ಕವರಿನೊಳಗೆ. ಆಮೇಲೆ ಒದ್ದೆ ಬಟ್ಟೆ ಹೊದಿಸಿ ನೆನೆಸಿ ನೆನೆಸಿ ಸಿಮೆಂಟು ಬಿಡಿಸಬೇಕು, ಇಡೀ ದಿನ ಹಿಡಿದರೂ ಸರಿ. ಗಾಜು ಕೂಗಿದರೆ ಬಿಟ್ಟುಬಿಡು ಎನ್ನುವುದೇ ಅಣ್ಣ ಎಲ್ಲರಿಗೂ ಕಲಿಸಿದ ಮೊದಲ ಪಾಠ.

ಈಚೆಗೆ ಮಾತ್ರ ಅಣ್ಣ ಒಂದು ಹೊಸ ಮಾತು ಹೇಳತೊಡಗಿದ್ದರು. ಈಗಿನ ಗಾಜು ಬಹಳ ಒಳ್ಳೆಯದು, ಸದ್ದೇ ಮಾಡುವುದಿಲ್ಲ ಎಂದು. ಗಾಜಕ್ಕನಿಗೂ ಖುಷಿ. ಅದನ್ನೇ ಗಿರಾಕಿಗಳಿಗೂ ಹೇಳಿಕೊಂಡು ಬಂದಿದ್ದರು. ಈ ನಡುವೆ ಎರಡು ಹೊಸ ಮನೆಗಳಿಂದ ಗೀರಿನ ದೂರು ಬಂದಾಗಲೂ, ಅಣ್ಣ ಪರೀಕ್ಷೆ ಮಾಡಿಯೇ ಬ್ಲೇಡು ಹಾಕಿದ್ದಾರೆ, ತಪ್ಪು ಭಟ್ಟಿಯವರದ್ದೇ ಎಂದು ವಾದಿಸಿದರು. ಆ ಮನೆಯವರು ಒಪ್ಪಿಯೂ ಒಪ್ಪಿದರು. ಇವತ್ತಿನದು ಮೂರನೆಯದು.

ಇವತ್ತಿನ ಯಜಮಾನರು ಅಷ್ಟು ಸುಲಭಕ್ಕೆ ಬಗ್ಗುವವರಂತೆ ಕಾಣುವುದಿಲ್ಲ. ಬಸ್ ಓಡಿಸಿ ನಿವೃತ್ತರಾದವರು. ಆಯುಷ್ಯವೆಲ್ಲ ಗಾಜಿನ ಹಿಂದೆಯೇ ಕೂತವರು. ಎದುರು ಬಿಸಿಲಿಗೆ ಒಂದು ಗೀರು ಮಿಂಚಿದರೆ ರಸ್ತೆ ಹೇಗೆ ಮಾಯವಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟೀರಿಂಗಿನ ಚಿಂತೆಯಿಲ್ಲದೆ ಸುಮ್ಮನೆ ಹೊರಗೆ ನೋಡುತ್ತ ಕೂರಬೇಕೆಂದು ಈ ಕಿಟಕಿ ಹಾಕಿಸಿಕೊಂಡಿದ್ದಾರೆ. ಕೂಗಾಡುವುದಿಲ್ಲ. ಕೂಗಾಡಿದ್ದರೆ ಗಾಜಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಗಾಜಲ್ಲೇ ಏನಾದ್ರೂ ಐಬು ಇತ್ತಾ?" ಎಂದು ಅವರೇ ಕೇಳುತ್ತಾರೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಗಾಜಕ್ಕ ಬಾಯಿಪಾಠವಾಗಿರುವ ವಿವರಣೆಯನ್ನು ಶುರು ಮಾಡುತ್ತಾರೆ. ಭಟ್ಟಿ, ಪುಡಿ, ಕಣ್ಣಿಗೆ ಕಾಣದ ಕಣ, ಬ್ಲೇಡಿನಡಿ ಸಿಕ್ಕಿಕೊಳ್ಳುವುದು. ಡ್ರೈವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ನಿಧಾನವಾಗಿ ಒಂದು ಪ್ರಶ್ನೆ ಕೇಳುತ್ತಾರೆ.

"ಹಾಗಾದ್ರೆ ಆ ಸದ್ದು ಅದೇನಾ? ನಿಮ್ಮಣ್ಣ ಹೊರಗಡೆಯಿಂದ ಕೆಲಸ ಮಾಡ್ತಿದ್ರು, ನಾನು ಇಲ್ಲೇ ಕೂತಿದ್ದೆ. ಮೊದಲಿಂದಾನೂ ಕರಕರ ಅಂತಿತ್ತು. ಕಿಟಕಿ ಬಡಿದು, ಏನಪ್ಪಾ ಇದು ಸದ್ದು ಅಂತ ಕೇಳ್ದೆ. ಅವರು ನಕ್ಕು ತಲೆ ಆಡಿಸಿ ಮುಂದುವರಿಸಿದ್ರು."

ಮೂರು ಮನೆ ಆಚೆ ಗಾಜು ಗುನುಗಿದರೂ ಕೈ ನಿಲ್ಲಿಸುತ್ತಿದ್ದ ಅಣ್ಣ, ಕೈಕೆಳಗಿನ ಗಾಜು ಕೂಗುತ್ತಿದ್ದರೂ ನಗುತ್ತ ಬ್ಲೇಡು ತಳ್ಳಿದ್ದಾರೆ. ಈಗಿನ ಗಾಜು ಸದ್ದೇ ಮಾಡುವುದಿಲ್ಲ. ಆ ಮಾತಿನ ಹಿಂದೆಯೇ ಅಣ್ಣನ ಉಳಿದ ಮಾತುಗಳೂ ಗಾಜಕ್ಕನಿಗೆ ಸಾಲಾಗಿ ನೆನಪಿಗೆ ಬರುತ್ತವೆ. ಪಕ್ಕದ ಮನೆಯ ನಾಯಿಗೆ ಬುದ್ಧಿ ಬಂದಿದೆ, ಬೊಗಳುವುದು ಬಿಟ್ಟಿದೆ ಎಂದಿದ್ದರು. ಹೊಸ ಬಸ್ಸುಗಳು ಬಂದದ್ದೇ ಗೊತ್ತಾಗುವುದಿಲ್ಲ ಎಂದಿದ್ದರು. ಫೋನು ಎತ್ತದಿದ್ದಕ್ಕೆ, ರಿಂಗೇ ಆಗಲಿಲ್ಲ ಎಂದು ಫೋನನ್ನೇ ಬೈದಿದ್ದರು. ಅಣ್ಣನ ಪಾಲಿಗೆ ಜಗತ್ತು ಒಳ್ಳೆಯದಾಗುತ್ತ ಬಂದಿತ್ತು. ಯಾರಿಗೂ ಸಂಶಯ ಬರಲಿಲ್ಲ, ಅಣ್ಣನಿಗಂತೂ ಬರಲೇ ಇಲ್ಲ.

ಈಗಲೂ ಜಾರಿಕೊಳ್ಳಲು ದಾರಿಯಿದೆ. ಪುಡಿ ಭಟ್ಟಿಯವರದ್ದೇ, ಅದು ಸುಳ್ಳಲ್ಲ. ಡ್ರೈವರಿಗೂ ಆ ವಿವರಣೆ ಹಿಡಿಸಿದಂತಿದೆ. ಗಾಜಕ್ಕ ಒಮ್ಮೆ ಕಿಟಕಿಯತ್ತ ನೋಡುತ್ತಾರೆ, ಒಮ್ಮೆ ಅವರತ್ತ.

"ಪುಡಿ ಗಾಜು ಮಾಡಿದವರದ್ದು ಸರ್. ಆದ್ರೆ ಸದ್ದು ಬಂದ ಕೂಡ್ಲೆ ನಾವು ನಿಲ್ಲಿಸ್ಬೇಕಿತ್ತು, ನಿಲ್ಲಿಸಿಲ್ಲ. ಗೀರು ನಮ್ದು. ಗಾಜು ನಾವೇ ಬದಲಾಯಿಸಿ ಕೊಡ್ತೀವಿ."

ಡ್ರೈವರು ಕಟ್ಟಿದ ಕೈ ಬಿಡುತ್ತಾರೆ. ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತಾರೆ. ಗಾಜಕ್ಕನಿಗೆ ಉತ್ತರ ಗೊತ್ತು, ಆದರೆ ಅಣ್ಣನಿಗೆ ಹೇಳುವ ಮೊದಲು ಪರರ ಮುಂದೆ ಹೇಳುವುದು ಹೇಗೆ? ಡ್ರೈವರು ತಮ್ಮ ಕಿವಿಯನ್ನು ಮುಟ್ಟಿಕೊಂಡು ಹುಬ್ಬೇರಿಸುತ್ತಾರೆ. ಗಾಜಕ್ಕ ಹೌದೆಂದು ತಲೆಯಾಡಿಸುತ್ತಾರೆ.

"ಇವತ್ತು ಎಲ್ಲಿದಾರೆ?"

ಆಸ್ಪತ್ರೆ ಎಂದ ಕೂಡಲೇ ಡ್ರೈವರು ಮೊಳೆಗೆ ನೇತುಹಾಕಿದ್ದ ಕಾರಿನ ಕೀ ಎತ್ತಿಕೊಳ್ಳುತ್ತಾರೆ.

ದಾರಿಯಲ್ಲಿ ಗಾಜಕ್ಕ ಅಣ್ಣನಿಗೆ ಫೋನು ಮಾಡುತ್ತಲೇ ಇದ್ದಾರೆ. ರಿಂಗಾಗುತ್ತದೆ, ಎತ್ತುವವರಿಲ್ಲ. ಜೊತೆಗೆ ಕೆಲಸ ಮಾಡುವ ಹೆಂಗಸಿಗೆ ಫೋನು ಹಚ್ಚಿ, ಅವಳು ಹಲೋ ಅಂದೊಡನೆ ಕತ್ತರಿಸುತ್ತಾರೆ. ಏನೆಂದು ಹೇಳುವುದು? ಅಣ್ಣನ ಕೈಯಿಂದ ಬ್ಲೇಡು ಕಿತ್ತುಕೋ ಎಂದೇ? ಅವರೇ ಕಲಿಸಿದ ಶಿಷ್ಯರ ಮುಂದೆ, ಅವರಿಗೇ ಗೊತ್ತಿಲ್ಲದ ಸಂಗತಿಯನ್ನು ಫೋನಿನಲ್ಲಿ ಸಾರುವುದೇ? ಹಾಗೆಂದು ಸುಮ್ಮನಿದ್ದರೆ ಆಸ್ಪತ್ರೆಯ ಒಂದೊಂದೇ ಗಾಜು ಹಾಳಾಗುತ್ತ ಹೋಗುತ್ತದೆ. ನೀರು ಒಣಗಿ, ಸಂಜೆ ಬಿಸಿಲು ಓರೆಯಾಗುವವರೆಗೆ ಯಾರಿಗೂ ಕಾಣುವುದೂ ಇಲ್ಲ. ಆಮೇಲೆ ಅಣ್ಣನ ಹೆಸರಿಗೆ ಆಗುವ ಗತಿಯೇನು?

ಇತ್ತ ಡ್ರೈವರ ಕಾರು ಹೋಗುವುದೋ, ಮದುವೆಯ ದಿಬ್ಬಣದ ಗತಿಯಲ್ಲಿ. ಪ್ರತಿ ತಿರುವಿಗೂ ನಿಲ್ಲುತ್ತಾರೆ, ಪ್ರತಿ ಮುದುಕಿಗೂ ದಾರಿ ಬಿಡುತ್ತಾರೆ, ಖಾಲಿ ರಸ್ತೆಯಲ್ಲೂ ಕೆಂಪು ದೀಪ ಹಸಿರಾಗುವ ತನಕ ಕಾಯುತ್ತಾರೆ. ಇದನ್ನು ಹೇಳುವಾಗ ಈಗ ಗಾಜಕ್ಕನಿಗೆ ನಗು ತಡೆಯಲಾಗುವುದಿಲ್ಲ. "ಇಳಿದು ಓಡಿದ್ರೆ ಬೇಗ ಸೇರ್ತೀನಿ ಅನ್ನಿಸ್ತು. ಕೇಳಿದ್ರೆ, ಸರ್ವೀಸಲ್ಲಿ ಒಂದು ಕೋಳೀನೂ ಮುಟ್ಟಿಲ್ಲಮ್ಮ ಅಂತಾರೆ. ಏನು ಹೇಳೋಕಾಗತ್ತೆ?"

ಆಸ್ಪತ್ರೆಯ ಬಾಗಿಲ ಬಲಗಡೆಯ ಮೊದಲ ಗಾಜಿಗೆ ಆಗಲೇ ನೀರು ಬಿದ್ದಿದೆ. ಅಣ್ಣ ಬಾಗಿದ್ದಾರೆ, ಕೈಯಲ್ಲಿ ಬ್ಲೇಡಿದೆ. ಗಾಜಕ್ಕ ಕಾರಿನಿಂದಿಳಿದವರೇ ಅಣ್ಣಾ ಎಂದು ಕೂಗುತ್ತಾರೆ. ಜೊತೆಗಾರರೆಲ್ಲ ತಿರುಗುತ್ತಾರೆ. ಬಾಗಿಲ ಕಾವಲುಗಾರನೂ ತಿರುಗುತ್ತಾನೆ. ಅಣ್ಣ ತಿರುಗುವುದಿಲ್ಲ. ಗಾಜಕ್ಕ ಓಡಿಹೋಗಿ ಅವರ ಮಣಿಕಟ್ಟು ಹಿಡಿಯುತ್ತಾರೆ.

ಬೆಚ್ಚಿಬಿದ್ದ ಅಣ್ಣನನ್ನು ಪಕ್ಕಕ್ಕೆ, ನೀರಿನ ಡ್ರಮ್ಮುಗಳ ಮರೆಗೆ ಕರೆದೊಯ್ಯುತ್ತಾರೆ. ಮೆಲ್ಲಗೆ ಹೇಳಿದರೆ ಅಣ್ಣನಿಗೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದರೆ ಊರಿಗೆಲ್ಲ ಕೇಳುತ್ತದೆ. ಅವರು ಅಣ್ಣನ ಮುಖದೆದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳುತ್ತಾರೆ.

"ಅಣ್ಣ, ನಿಂಗೆ ಕಿವಿ ಕೇಳಿಸ್ತಿಲ್ಲ."

"ಏನೇ ಹುಚ್ಚು ನಿಂಗೆ? ನಿನ್ ಮಾತು ಕೇಳಿಸ್ತಿದೆಯಲ್ಲ."

ತುಟಿ ನೋಡಿ ತಿಳಿದುಕೊಳ್ಳುವುದನ್ನು ತಾನು ಯಾವಾಗ ಕಲಿತೆನೆಂದು ಅಣ್ಣನಿಗೇ ಗೊತ್ತಿಲ್ಲ. ತಂಗಿ ಡ್ರೈವರ ಮನೆಯ ಗೀರಿನ ವಿಷಯ ಹೇಳಿದರೆ ಅಣ್ಣ ಸುತರಾಂ ಒಪ್ಪುವುದಿಲ್ಲ. ಆ ಗಾಜು ತುಟಿಪಿಟಕ್ಕೆನ್ನಲಿಲ್ಲ, ನನ್ನ ಕಿವಿಯಾಣೆ ಎನ್ನುತ್ತಾರೆ. ಮೊದಲು ಸಿಟ್ಟು, ಆಮೇಲೆ ಗೇಲಿ, ಆಮೇಲೆ ಮತ್ತೆ ಸಿಟ್ಟು. ಗಾಜಕ್ಕ ವಾದ ಬಿಡುತ್ತಾರೆ. ಅಣ್ಣನ ಕೈಯಿಂದ ಬ್ಲೇಡು ತೆಗೆದುಕೊಂಡು ಒದ್ದೆ ಗಾಜಿನತ್ತ ನಡೆದು, ಫ್ರೇಮಿಗೆ ಒತ್ತಿದ ಮೂಲೆಯಲ್ಲಿ ಬೆರಳುದ್ದದಷ್ಟು ಮಾತ್ರ ಮುಂದಕ್ಕೆ ತಳ್ಳುತ್ತಾರೆ.

ಕರಕರ.

ಏಣಿ ಹಿಡಿದವನು ತಿರುಗಿ ನೋಡುತ್ತಾನೆ. ಬಟ್ಟೆ ಹಿಂಡುತ್ತಿದ್ದ ಹೆಂಗಸು ಹಿಂಡುವುದನ್ನು ನಿಲ್ಲಿಸುತ್ತಾಳೆ. ಆಚೆ ಬದಿಯಲ್ಲಿ ಬಕೆಟ್ಟು ತುಂಬಿಸುತ್ತಿದ್ದವನೂ ನಲ್ಲಿ ಬಿಟ್ಟು ತಲೆಯೆತ್ತುತ್ತಾನೆ. ಎಲ್ಲರೂ ಅಣ್ಣನ ಶಿಷ್ಯರೇ, ಆ ಸದ್ದಿಗೆ ತಲೆ ಎತ್ತುವುದನ್ನು ಅವರೇ ಕಲಿಸಿದ್ದು. ಅಣ್ಣ ಗಾಜನ್ನು ನೋಡುವುದಿಲ್ಲ. ಒಂದೊಂದಾಗಿ ತಿರುಗಿದ ಆ ಮುಖಗಳನ್ನು ನೋಡುತ್ತಾರೆ.

"ಕೂಗ್ತಾ?" ಎಂದು ತಂಗಿಯನ್ನು ಕೇಳುತ್ತಾರೆ.

"ಕೂಗ್ತು ಅಣ್ಣ."

ಅಣ್ಣ ಬ್ಲೇಡಿನ ಕವರನ್ನು ಜೇಬಿನಿಂದ ತೆಗೆದು ತಂಗಿಯ ಕೈಗೆ ಕೊಡುತ್ತಾರೆ. ಹೋಗಿ ಡ್ರಮ್ಮಿನ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾರೆ. ಅವರು ಅತ್ತದ್ದನ್ನು ಗಾಜಕ್ಕ ನೋಡಿದ್ದು ಅದೇ ಮೊದಲು. ನೋಡದವರ ಹಾಗೆ ಬೆನ್ನು ತಿರುಗಿಸಿ, ಎಲ್ಲ ಗಾಜಿಗೂ ಒದ್ದೆ ಬಟ್ಟೆ ಹೊದಿಸಲು ಜೊತೆಗಾರರಿಗೆ ಹೇಳುತ್ತಾರೆ. ಕೆಲಸ ಯಾಕೆ ನಿಂತಿತೆಂದು ಕೇಳಲು ಬಂದ ಆಸ್ಪತ್ರೆಯ ಮೇಲ್ವಿಚಾರಕರಿಗೆ, ಬ್ಲೇಡು ಹಾಕಿದರೆ ಗಾಜು ಕೆಡುತ್ತದೆ, ನೆನೆಸಿ ತೆಗೆಯಲು ದಿನ ಹೆಚ್ಚು ಬೇಕು ಎನ್ನುತ್ತಾರೆ. ಮೂಲೆಯಲ್ಲಿ ಬಿದ್ದ ಬೆರಳುದ್ದದ ಗೀರನ್ನು ತಾವಾಗಿಯೇ ತೋರಿಸುತ್ತಾರೆ. ಮೇಲ್ವಿಚಾರಕರು ಗೊಣಗುತ್ತಾರೆ, ಕೊನೆಗೆ ಒಪ್ಪುತ್ತಾರೆ.

ಡ್ರೈವರು ಅಷ್ಟೂ ಹೊತ್ತು ಕಾರಿಗೆ ಒರಗಿ ನಿಂತಿದ್ದವರು, ಮೆಟ್ಟಿಲ ಮೇಲೆ ಅಣ್ಣನ ಪಕ್ಕ ಹೋಗಿ ಕೂರುತ್ತಾರೆ. ತಾನು ಬಸ್ಸು ಓಡಿಸುವಾಗ ಒಮ್ಮೆಯೂ ಹಿಂದೆ ತಿರುಗಿ ನೋಡಿದವನಲ್ಲ, ಹತ್ತುವವರು ಇಳಿಯುವವರನ್ನೆಲ್ಲ ಕಂಡಕ್ಟರೇ ನೋಡಿ ಸೀಟಿ ಊದುತ್ತಿದ್ದ, ಹಾಗೆಂದು ತಾನೇನು ಡ್ರೈವರೇ ಅಲ್ಲವೇ ಎಂದು ಅವರ ಮುಖಕ್ಕೆ ಮುಖವಿಟ್ಟು ಕೇಳುತ್ತಾರೆ. ಅಣ್ಣನಿಗೆ ಎಷ್ಟು ಕೇಳಿಸಿತೋ, ಎಷ್ಟು ತುಟಿಯಲ್ಲಿ ಕಂಡಿತೋ ಯಾರಿಗೆ ಗೊತ್ತು?

ಮನೆಯಲ್ಲಿ ಸುದ್ದಿ ತಿಳಿದಾಗ ಅತ್ತಿಗೆ ಕೂತಲ್ಲಿಂದ ಏಳಲಿಲ್ಲವಂತೆ. ಒಂದು ಮನೆಯಲ್ಲಿದ್ದೂ ಗೊತ್ತಾಗಲಿಲ್ಲವೇ ಎಂದು ಡಾಕ್ಟರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಗಾಜಕ್ಕ ಅವರದೇ ದನಿಯಲ್ಲಿ ಒಪ್ಪಿಸುತ್ತಾರೆ. "ಮದುವೆ ಆದಾಗಿಂದ ನನ್ನ ಮಾತು ಕೇಳಿಸ್ಕೊಂಡಿದ್ದೇ ಇಲ್ಲ. ಈಗ ಕೇಳಿಸ್ತಿಲ್ಲ ಅಂತ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ?" ಡಾಕ್ಟರು ನಕ್ಕರಂತೆ. ಅತ್ತಿಗೆ ಮಾತ್ರ ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬರೇ ಅತ್ತರು. ಅಣ್ಣನ ಕಿವಿಗೆ ಈಗ ಯಂತ್ರ ಬಂದಿದೆ. ಮಾತು ತಕ್ಕಮಟ್ಟಿಗೆ ಕೇಳುತ್ತದೆ, ಪಕ್ಕದ ಮನೆಯ ನಾಯಿಗೆ ಬುದ್ಧಿ ಬಂದಿಲ್ಲವೆಂದೂ ತಿಳಿದಿದೆ. ಆದರೆ ಗಾಜಿನ ಆ ಸಣ್ಣ ದನಿಯನ್ನು ಯಂತ್ರ ಹಿಡಿಯುವುದಿಲ್ಲ.

ಮೊದಲು ದೂರು ಕೊಟ್ಟಿದ್ದ ಆ ಎರಡು ಮನೆಗಳಿಗೂ ಗಾಜಕ್ಕ ಮತ್ತೆ ಹೋಗಿಬಂದರು, ಅಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ ಎಂದು ಹೇಳುವುದಕ್ಕೆ. ಒಂದು ಮನೆಯಲ್ಲಿ ಬಾಯಿಗೆ ಬಂದಂತೆ ಬೈದು ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯ ಗೃಹಿಣಿ, ಇದನ್ನು ಹೇಳುವುದಕ್ಕೆ ಇಷ್ಟು ದೂರ ಬಂದಿರಾ ಎಂದು ಅಚ್ಚರಿಪಟ್ಟರು, ಆದರೂ ಗಾಜು ಬದಲಿಸಿಕೊಡಿ ಎಂದರು. ಎರಡೂ ಮನೆಯವರು ಮಾಡಿದ್ದು ಸರಿಯೆಂದೇ ಗಾಜಕ್ಕ ಹೇಳುತ್ತಾರೆ.

ಡ್ರೈವರ ಮನೆಗೆ ಹೊಸ ಗಾಜು ಕೂತಿದೆ. ಅದರ ಮೇಲೆ, ಚೌಕಟ್ಟಿಗೆ ಮೆತ್ತುವಾಗ ಸಿಡಿದ, ಮತ್ತದೇ ಸಿಮೆಂಟಿನ ಚುಕ್ಕೆಗಳು. ನಿಮ್ಮಣ್ಣನೇ ಬಂದು ತೆಗೆಯಬೇಕು ಎನ್ನುವುದು ಡ್ರೈವರ ಹಟ. ಬರುವುದಿಲ್ಲವೆಂದು ಅಣ್ಣನ ಹಟ. ಎರಡು ಹಟಗಳ ನಡುವೆ ಸಿಕ್ಕಿದ ಗಾಜಕ್ಕ ಕೊನೆಗೊಂದು ಬೆಳಗ್ಗೆ ಅಣ್ಣನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಿದ್ದಾರೆ. ಅಣ್ಣ ಕಿಟಕಿಯೆದುರು ಮಂಡಿಯೂರಿದ್ದಾರೆ, ಹಿಂದೆ ಗಾಜಕ್ಕ ನಿಂತಿದ್ದಾರೆ. ಅವರ ಅಂಗೈ ಅಣ್ಣನ ಬೆನ್ನ ಮೇಲಿದೆ. ಒಮ್ಮೆ ತಟ್ಟಿದರೆ ನಿಲ್ಲಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು. ಡ್ರೈವರು ಒಳಗೆ ಕೂತು ನೋಡುತ್ತಿದ್ದಾರೆ, ಪರೀಕ್ಷೆ ಬರೆಯುವ ಮಗನ ಅಪ್ಪನ ಮುಖ ಮಾಡಿಕೊಂಡು. ಎರಡು ತಟ್ಟು ಬೀಳುತ್ತದೆ. ಅಣ್ಣ ಬ್ಲೇಡು ತಳ್ಳುತ್ತಾರೆ. ಚುಕ್ಕೆಗಳು ಒಂದೊಂದಾಗಿ ಏಳುತ್ತವೆ. ಗಾಜು ಸುಮ್ಮನಿದೆ.

ಎದ್ದು ನಿಂತು ಮೇಲಿನ ಮೂಲೆಗೆ ಬಂದಾಗ ಎಲ್ಲೋ ಒಂದು ಕಣ ಕಿರ್ ಎನ್ನುತ್ತದೆ. ಗಾಜಕ್ಕ ತಟ್ಟಲೆಂದು ಅಂಗೈ ಎತ್ತುತ್ತಾರೆ. ಅಷ್ಟರಲ್ಲಿ ಅಣ್ಣನ ಕೈ ತಾನಾಗಿಯೇ ನಿಂತಿದೆ. ಬ್ಲೇಡು ಗಾಜಿನಿಂದ ಮೇಲೆದ್ದಿದೆ. ಹಿಡಿಯಲ್ಲಿ ಏನೋ ತಡೆದಂತಾಯಿತು ಎಂದು ಅವರು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಾರೆ.

ಆಮೇಲೆ ಮತ್ತೆ ಹಾಗಾಗಿಲ್ಲ. ಈಗ ಅಣ್ಣ ಹೆಚ್ಚಾಗಿ ವೈಪರೇ ಹಿಡಿಯುತ್ತಾರೆ, ಹೊಸ ಗಾಜಿಗೆ ಮಾತ್ರ ತಂಗಿಯ ಅಂಗೈ ಬೆನ್ನಿಗಿದ್ದರೆ ಬ್ಲೇಡು. ಅಷ್ಟರಲ್ಲೇ ಸಮಾಧಾನವೇ, ಬೇರೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಗಾಜಕ್ಕ ಕೈಯ ಕೆಲಸ ನಿಲ್ಲಿಸುವುದಿಲ್ಲ. ನಾಳೆ ಬೆಳಗ್ಗೆ ಮತ್ತೊಂದು ದೂರಿನ ಮನೆಗೆ ಹೋಗಬೇಕು, ಬಕೆಟ್ಟಿಗೆ ಬಟ್ಟೆ ತುಂಬುತ್ತಲೇ ಮಾತಾಡುತ್ತಾರೆ.

"ಅವತ್ತು ಅವನು ನಿಲ್ಸಿದ್ದು ನನಗಿಂತ ಮುಂಚೆ. ನಾನಿನ್ನೂ ಕೈ ಎತ್ತಿದ್ದೆ ಅಷ್ಟೇ. ಇನ್ನೊಂದ್ಸಲ ಹಾಗಾಗ್ಲಿ ಸಾಕು, ನಿನ್ ಕೈಗೆ ನನ್ ಕಿವಿ ಸೋತ್ಹೋಯ್ತು ಅಂತ ಅವನಿಗೇ ಹೇಳ್ತೀನಿ. ಕೇಳಿಸೋ ಹಾಗೆ ಹೇಳ್ತೀನಿ."